ಸಂವಹನ ಓದಬೇಕು ಅನ್ನುವವರಿಗೆ: ಮುಂಬೈ, ಪುಣೆ, ಗೋವಾದಲ್ಲಿ ಯಾವ ದಾರಿ ಯಾರಿಗೆ?

ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ, ಯಾಕೆ ಹಾಗೇ ಮಾತಾಡುತ್ತಾರೆ, ಮಾತು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಕಾಲೇಜಿನಲ್ಲಿ ಓದಬೇಕು ಅನ್ನುವ ಮಕ್ಕಳು ಈಗ ಇಲ್ಲಿನ ನಮ್ಮ ಕನ್ನಡಿಗರ ಮನೆಗಳಲ್ಲೂ ಇದ್ದಾರೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ. ಇಬ್ಬರ ನಡುವಿನ ಮಾತು, ಗುಂಪಿನ ಮಾತು, ಭಾಷಣ, ಆಫೀಸಿನೊಳಗಿನ ಮಾತುಕತೆ, ಮಾಧ್ಯಮ ಎಲ್ಲವೂ ಅಲ್ಲಿ ಒಂದೇ ಸೂರಿನ ಕೆಳಗೆ ಸಿಗುತ್ತವೆ. ನಮ್ಮಲ್ಲಿ ಅದು ಚದುರಿಹೋಗಿದೆ. ಒಂದು ತುಂಡು ಮಾಸ್ ಮೀಡಿಯಾ ಕೋರ್ಸಿನಲ್ಲಿದೆ, ಒಂದು ಭಾಷಾವಿಜ್ಞಾನದಲ್ಲಿ, ಒಂದು ಸ್ಪೀಚ್ ಥೆರಪಿಯಲ್ಲಿ. ಉಳಿದದ್ದು ಮನಃಶಾಸ್ತ್ರ ಮತ್ತು ಸಮಾಜಶಾಸ್ತ್ರದ ಪೇಪರುಗಳಲ್ಲಿ ಅಡಗಿದೆ.

ಆದ್ದರಿಂದ "ಕಮ್ಯುನಿಕೇಶನ್‌ಗೆ ಯಾವ ಕಾಲೇಜು ಒಳ್ಳೇದು?" ಎಂದು ಕೇಳಿಕೊಂಡು ಹೊರಟರೆ ಉತ್ತರ ಸಿಗುವುದಿಲ್ಲ. ಮುಂಬೈಯಲ್ಲಿ ಎಷ್ಟೋ ಹೋಟೆಲುಗಳ ಬೋರ್ಡಿನಲ್ಲಿ ಉಡುಪಿ ಅಂತ ಇರುತ್ತದೆ, ಒಳಗೆ ಹೋದರೆ ಚೈನೀಸ್ ತಿನ್ನುವವರೇ ಜಾಸ್ತಿ. ಕೋರ್ಸುಗಳ ಹೆಸರೂ ಹಾಗೇ. ಮೊದಲು ಮಗ ಅಥವಾ ಮಗಳ ಹತ್ತಿರ ಕೂತು ಕೇಳಿ: ಬರೆಯುವುದು ಇಷ್ಟವಾ? ಕ್ಯಾಮೆರಾ ಹಿಡಿಯುವುದಾ? ಪಕ್ಕದ ಮನೆಯವರು ಮಾತಾಡುವ ಧಾಟಿಯನ್ನು ಗಮನಿಸುವುದಾ? ಮಾತು ತಡವಾದ ಮಗುವಿನ ಜೊತೆ ತಾಳ್ಮೆಯಿಂದ ಕೂರುವುದಾ? ನಾಲ್ಕಕ್ಕೂ ಬೇರೆ ಬೇರೆ ಬಾಗಿಲು, ಬೇರೆ ಪ್ರವೇಶ, ಬೇರೆ ಖರ್ಚು.

ಎಲ್ಲರೂ ಮೊದಲು ನೋಡುವುದು: ಬಿಎಎಂಎಂಸಿ

ಬಿಎಎಂಎಂಸಿ ಅಂದರೆ ಬಿಎ ಇನ್ ಮಲ್ಟಿಮೀಡಿಯಾ ಅಂಡ್ ಮಾಸ್ ಕಮ್ಯುನಿಕೇಶನ್. ಹಿಂದೆ ಬಿಎಂಎಂ (ಬ್ಯಾಚುಲರ್ ಆಫ್ ಮಾಸ್ ಮೀಡಿಯಾ) ಅನ್ನುತ್ತಿದ್ದರಲ್ಲ, ಅದೇ ಇದು. ಮುಂಬೈ ವಿಶ್ವವಿದ್ಯಾಲಯ 2019ರ ಹೊತ್ತಿಗೆ ಹೆಸರು ಬದಲಿಸಿತು. ಜನ ಈಗಲೂ ಬಿಎಂಎಂ ಅಂತಲೇ ಕರೆಯುತ್ತಾರೆ. ಮೂರು ವರ್ಷದ ಪದವಿ. ಮೊದಲ ಎರಡು ವರ್ಷ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸಿ, ಕೊನೆಯ ವರ್ಷ ಜಾಹೀರಾತು ಅಥವಾ ಪತ್ರಿಕೋದ್ಯಮ ಆರಿಸಿಕೊಳ್ಳಿ ಅನ್ನುವುದು ಇದರ ಹಳೆಯ ಚೌಕಟ್ಟು. ಹೊಸ ಶಿಕ್ಷಣ ನೀತಿ ಬಂದ ಮೇಲೆ ಮೇಜರ್, ಮೈನರ್, ನಾಲ್ಕನೇ ವರ್ಷದ ಆನರ್ಸ್ ಅಂತೆಲ್ಲ ಸೇರಿಕೊಂಡಿದೆ. ಹಾಗಾಗಿ ಅಣ್ಣನೋ ಅಕ್ಕನೋ ಓದಿದ ಸಿಲಬಸ್ ನೋಡಿ ತೀರ್ಮಾನ ಮಾಡಬೇಡಿ. ಈ ವರ್ಷದ ಪಟ್ಟಿಯನ್ನು ಕಾಲೇಜಿನಿಂದಲೇ ಕೇಳಿ ತೆಗೆದುಕೊಳ್ಳಿ.

ಇದು ಕೈಕೆಲಸದ ಕೋರ್ಸು. ಪ್ರಾಜೆಕ್ಟ್, ಪ್ರೆಸೆಂಟೇಶನ್, ಇಂಟರ್ನ್‌ಶಿಪ್, ಕಾಲೇಜ್ ಫೆಸ್ಟಿವಲ್. ಮೂರು ವರ್ಷ ಮುಗಿಯುವಷ್ಟರಲ್ಲಿ ಹುಡುಗರು ಧೈರ್ಯವಾಗಿ ಎದ್ದು ನಿಂತು ಮಾತಾಡುತ್ತಾರೆ, ವಿಡಿಯೋ ಎಡಿಟ್ ಮಾಡುತ್ತಾರೆ, ಜಾಹೀರಾತಿಗೆ ನಾಲ್ಕು ಸಾಲು ಬರೆಯುತ್ತಾರೆ. ಜಾಹೀರಾತು ಏಜೆನ್ಸಿಗಳೂ ಚಾನೆಲ್‌ಗಳೂ ಪಿಆರ್ ಕಂಪನಿಗಳೂ ಇದೇ ಊರಿನಲ್ಲಿವೆ. ಓದುತ್ತಲೇ ಕೆಲಸ ನೋಡುವ ಅವಕಾಶ ಮುಂಬೈಯಲ್ಲಿ ಇರುವಷ್ಟು ಪುಣೆಯಲ್ಲಿ ಇಲ್ಲ, ಗೋವಾದಲ್ಲಂತೂ ಇಲ್ಲವೇ ಇಲ್ಲ. ಈ ಕೋರ್ಸಿನ ನಿಜವಾದ ಬಲ ಇದೇ. ಕಾಲೇಜಿನ ಒಳಗಿಗಿಂತ ಹೊರಗೆ ಕಲಿಯುವುದು ಜಾಸ್ತಿ.

ಆದರೆ "ಜನ ಯಾಕೆ ಹೀಗೆ ಮಾತಾಡುತ್ತಾರೆ" ಎಂಬ ಕುತೂಹಲ ಇಟ್ಟುಕೊಂಡು ಹೋದವರಿಗೆ ಇಲ್ಲಿ ಅರ್ಧ ಹೊಟ್ಟೆಯೂ ತುಂಬುವುದಿಲ್ಲ. ಸಿದ್ಧಾಂತದ ಪೇಪರ್ ಇರುತ್ತದೆ. 1948ರಲ್ಲಿ ಅಮೆರಿಕದ ವಿದ್ವಾಂಸ ಹೆರಾಲ್ಡ್ ಲಾಸ್ವೆಲ್ ಕೇಳಿದ ಐದು ಪ್ರಶ್ನೆಗಳು, ಅಂದರೆ ಯಾರು, ಏನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ ಹೇಳಿದರು ಎಂಬುದು ಖಂಡಿತ ಬರುತ್ತದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮುಂದೆ ಹೋಗುವುದೇ ರೂಢಿ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಬೇರೆ ಮಾತು.

ಇನ್ನು ಕಾಲೇಜುಗಳ ವಿಷಯ. ಸೇಂಟ್ ಝೇವಿಯರ್ಸ್, ಜೈ ಹಿಂದ್‌ನಂಥ ಸ್ವಾಯತ್ತ ಕಾಲೇಜುಗಳು ತಮ್ಮದೇ ಪರೀಕ್ಷೆ ನಡೆಸುತ್ತವೆ, ಪಾಠಪಟ್ಟಿಯಲ್ಲೂ ಸ್ವಲ್ಪ ಸ್ವಾತಂತ್ರ್ಯ ಇದೆ. ಚರ್ಚ್‌ಗೇಟಿನ ಕೆ.ಸಿ. ಕಾಲೇಜು 2020ರಿಂದ ಎಚ್‌ಎಸ್‌ಎನ್‌ಸಿ ವಿಶ್ವವಿದ್ಯಾಲಯದ ಭಾಗ. ಅಲ್ಲಿ ಓದಿದರೆ ಮುಂಬೈ ವಿಶ್ವವಿದ್ಯಾಲಯದ ಪದವಿ ಬರುವುದಿಲ್ಲ. ತಪ್ಪೇನಿಲ್ಲ, ಗೊತ್ತಿರಲಿ ಅಷ್ಟೆ. ಡೊಂಬಿವಲಿ, ಠಾಣೆ, ವಸಾಯಿ, ನವಿ ಮುಂಬೈ ಕಡೆಯ ಕಾಲೇಜುಗಳಲ್ಲೂ ಈ ಕೋರ್ಸ್ ಸಿಗುತ್ತದೆ. ಬಹಳ ಕಡೆ ಇದು ಅನುದಾನ ಇಲ್ಲದ ಕೋರ್ಸು, ಆದ್ದರಿಂದ ಮಾಮೂಲಿ ಬಿಎಗಿಂತ ಫೀಸ್ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ, ದಿನಾ ಮೂರು ಗಂಟೆ ಲೋಕಲ್ ಟ್ರೈನಿನಲ್ಲಿ ನೇತಾಡಿಕೊಂಡು ದೊಡ್ಡ ಹೆಸರಿನ ಕಾಲೇಜಿಗೆ ಹೋಗುವುದಕ್ಕಿಂತ, ಹತ್ತಿರದ ಕಾಲೇಜಿಗೆ ಸೇರಿ ಉಳಿದ ಸಮಯದಲ್ಲಿ ಇಂಟರ್ನ್‌ಶಿಪ್ ಮಾಡುವುದು ಮೇಲು. ಝೇವಿಯರ್ಸ್‌ನಂಥ ಕಡೆ ಸೀಟು ಸಿಕ್ಕರೆ ಮಾತ್ರ ಈ ಲೆಕ್ಕ ಬಿಟ್ಟುಬಿಡಿ, ಹೋಗಲಿ.

ಪದವಿ ಆದ ಮೇಲೆ ಮಾಧ್ಯಮ

ಬಿಎ, ಬಿಕಾಂ, ಬಿಎಸ್ಸಿ ಏನೇ ಆಗಿರಲಿ, ಆಮೇಲೂ ಈ ಕಡೆ ಬರಬಹುದು. ಹದಿನೆಂಟಕ್ಕೇ ಮಾಧ್ಯಮ ಓದುವುದಕ್ಕಿಂತ ಇತಿಹಾಸವೋ ಅರ್ಥಶಾಸ್ತ್ರವೋ ಮನಃಶಾಸ್ತ್ರವೋ ಓದಿ ಇಪ್ಪತ್ತೊಂದಕ್ಕೆ ಇಲ್ಲಿಗೆ ಬರುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಬರೆಯಲು ಕಲಿಸುವವರು ಸಿಗುತ್ತಾರೆ, ಏನು ಬರೆಯಬೇಕು ಅಂತ ತಲೆಯಲ್ಲಿ ಇರಬೇಕಲ್ವಾ?

ಇಲ್ಲಿ ಹೋಲಿಸಬೇಕಾದವು ಮುಖ್ಯವಾಗಿ ನಾಲ್ಕು. ಯೋಚನೆಗೆ ಒತ್ತು ಬೇಕಾದರೆ ದೇವನಾರ್‌ನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್. ಅಲ್ಲಿನ ಮೀಡಿಯಾ ಅಂಡ್ ಕಲ್ಚರಲ್ ಸ್ಟಡೀಸ್ ಎಂಎಯಲ್ಲಿ ಸಮಾಜ, ಜಾತಿ, ನಗರ, ಲಿಂಗ ಇವುಗಳ ಜೊತೆ ಮಾಧ್ಯಮವನ್ನು ಇಟ್ಟು ನೋಡುತ್ತಾರೆ. ಮಕ್ಕಳೇ ಸಾಕ್ಷ್ಯಚಿತ್ರ ಮಾಡುತ್ತಾರೆ. 2024ರಿಂದ ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಹಾರ್ಬರ್ ಲೈನಿನ ಗೋವಂಡಿ ಸ್ಟೇಶನ್‌ನಿಂದ ಹತ್ತಿರ, ಚೆಂಬೂರ್ ಕಡೆಯ ನಮ್ಮವರಿಗಂತೂ ಮನೆ ಬಾಗಿಲೇ.

ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಝೇವಿಯರ್ ಇನ್‌ಸ್ಟಿಟ್ಯೂಟ್ ಆಫ್ ಕಮ್ಯುನಿಕೇಶನ್ಸ್. 1969ರಿಂದ ಸೇಂಟ್ ಝೇವಿಯರ್ಸ್ ಆವರಣದಲ್ಲೇ ಇದೆ. ಜಾಹೀರಾತು, ಪಿಆರ್, ಸಿನಿಮಾ-ಟಿವಿ ಹೀಗೆ ಕವಲುಗಳಿವೆ. ಇದು ಡಿಪ್ಲೊಮಾ. ಮುಂದೆ ಪಿಎಚ್.ಡಿ. ಮಾಡಬೇಕು, ಕಾಲೇಜಿನಲ್ಲಿ ಪಾಠ ಹೇಳಬೇಕು ಅನ್ನುವ ಯೋಚನೆ ಇದ್ದರೆ ಎಂಎ ಬೇಕೇ ಬೇಕು. ಈ ಒಂದು ವ್ಯತ್ಯಾಸ ಮರೆತು ಸೇರಿ ಆಮೇಲೆ ಕೈಕೈ ಹಿಸುಕಿಕೊಳ್ಳುವವರಿದ್ದಾರೆ. ಹುಡುಗಿಯರಿಗೆ ಸೋಫಿಯಾದಲ್ಲೂ ಇದೇ ಥರದ ಒಂದು ವರ್ಷದ ಡಿಪ್ಲೊಮಾ ಇದೆ.

ಪುಣೆಯಲ್ಲಿ ಹಳೆಯದು ಅಂದರೆ ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್, ಅಂದರೆ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ. ಖರ್ಚು ಕಡಿಮೆ. ಮರಾಠಿ ಪತ್ರಿಕೆಗಳ ಒಡನಾಟ ಜಾಸ್ತಿ. ಮರಾಠಿ ಚೆನ್ನಾಗಿ ಬರುವ ಮಕ್ಕಳು ಇಲ್ಲಿ ಅರಳುತ್ತಾರೆ, ಬಾರದವರು ಮೊದಲ ವರ್ಷ ಒದ್ದಾಡುತ್ತಾರೆ. ಇದಕ್ಕೆ ಎದುರು ತುದಿಯಲ್ಲಿ ಸಿಂಬಯೋಸಿಸ್. ಪದವಿಗೆ ವಿಮಾನ್ ನಗರದಲ್ಲಿರುವ ಅವರ ಮಾಧ್ಯಮ ಕಾಲೇಜು ಎಸ್‌ಸಿಎಂಸಿ, ಪ್ರವೇಶ ಅವರದೇ ಸೆಟ್ ಪರೀಕ್ಷೆಯಿಂದ. ಪದವಿ ಆದ ಮೇಲೆ ಲವಳೆ ಗುಡ್ಡದ ಮೇಲಿನ ಅವರದೇ ಇನ್ನೊಂದು ಸಂಸ್ಥೆ ಎಸ್‌ಐಎಂಸಿ, ಅಲ್ಲಿನ ಎಂಬಿಎಗೆ ಸ್ನ್ಯಾಪ್ ಪರೀಕ್ಷೆ. ಸ್ಟುಡಿಯೋ, ಕಟ್ಟಡ, ಕಂಪನಿಗಳ ನಂಟು ಎಲ್ಲ ಚೆನ್ನಾಗಿದೆ. ಫೀಸ್ ಲಕ್ಷಗಳ ಮಾತು, ಅದರ ಮೇಲೆ ಹಾಸ್ಟೆಲ್. ಸಾಲ ಮಾಡಿ ಕಳಿಸುವುದಾದರೆ ಹಿಂದಿನ ಎರಡು ಬ್ಯಾಚಿನವರು ಯಾವ ಕೆಲಸದಲ್ಲಿದ್ದಾರೆ, ಎಷ್ಟು ಸಂಬಳ ಅಂತ ಅವರನ್ನೇ ಹುಡುಕಿ ಕೇಳಿ. ಕಾಲೇಜಿನ ಬ್ರೋಶರ್ ಓದಿ ನಂಬುವ ಕಾಲ ಹೋಯಿತು.

ಇಲ್ಲಿ ಯಾವುದನ್ನು ಆರಿಸಿದರೂ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅಲ್ಲಿ ಓದುತ್ತಿರುವ ಯಾರನ್ನಾದರೂ ಸೈಟ್ ಪ್ರಯೋಗದ ಬಗ್ಗೆ ಕೇಳಿ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕವೂ ಅದರಲ್ಲಿತ್ತು. ಕೃಷಿ, ಆರೋಗ್ಯ, ಶಾಲೆಯ ಪಾಠ. ಹಳ್ಳಿಯ ಜನ ನೋಡಿದ್ದೇನು, ಅರ್ಥ ಮಾಡಿಕೊಂಡಿದ್ದೇನು, ಬದಲಾಗಿದ್ದೇನು ಅಂತ ಸಮಾಜಶಾಸ್ತ್ರದವರು ಹಳ್ಳಿಗೇ ಹೋಗಿ ಕೂತು ನೋಡಿದರು. ನಮ್ಮ ದೇಶದ ಸಂವಹನ ಅಧ್ಯಯನದಲ್ಲಿ ಇಷ್ಟು ದೊಡ್ಡ ಪಾಠ ಇನ್ನೊಂದಿಲ್ಲ. ಎರಡನೇ ವರ್ಷದ ವಿದ್ಯಾರ್ಥಿಗೆ ಇದರ ಹೆಸರೇ ಗೊತ್ತಿಲ್ಲದಿದ್ದರೆ ಆ ಕಡೆ ಸಾಫ್ಟ್‌ವೇರ್ ಮಾತ್ರ ಕಲಿಸುತ್ತಿದ್ದಾರೆ ಎಂದುಕೊಳ್ಳಬಹುದು.

ಯಾರೂ ಹೇಳದ ದಾರಿ: ಭಾಷಾವಿಜ್ಞಾನ

ಈ ಭಾಗದಲ್ಲಿ ನನ್ನ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರ ಮಾತನ್ನೇ ಓದಬೇಕು ಅನ್ನುವವರಿಗೆ ಇದರಷ್ಟು ನೇರವಾದ ದಾರಿ ಇನ್ನೊಂದಿಲ್ಲ. ಮುಂಬೈಯ ಕನ್ನಡ ಮಕ್ಕಳಿಗಂತೂ ಇದು ಹೇಳಿ ಮಾಡಿಸಿದ್ದು. ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ, ಬಿಲ್ಡಿಂಗಿನಲ್ಲಿ ಮರಾಠಿ, ಟ್ರೈನಿನಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. ಯಾವ ಭಾಷೆಯಿಂದ ಯಾವ ಭಾಷೆಗೆ ಯಾವಾಗ ಹಾರಬೇಕು ಅಂತ ಈ ಮಕ್ಕಳಿಗೆ ಯಾರೂ ಕಲಿಸಿಲ್ಲ, ಆದರೂ ಗೊತ್ತು. ಯಾಕೆ ಗೊತ್ತು ಅನ್ನುವುದೇ ಇಲ್ಲಿ ಪಾಠ.

ಒಂದು ಉದಾಹರಣೆ ಸಾಕು. ಸಾಂಗ್ಲಿ ಹತ್ತಿರದ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವ ಮನೆತನಗಳು ತಲೆಮಾರುಗಳಿಂದ ಒಟ್ಟಿಗಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಲ್ಲಿನ ಮಾತನ್ನು ಅಧ್ಯಯನ ಮಾಡಿ 1971ರಲ್ಲಿ ಲೇಖನ ಪ್ರಕಟಿಸಿದರು. ಅವರಿಗೆ ಕಂಡದ್ದು ಇದು: ಆ ಊರಿನ ಕನ್ನಡ, ಮರಾಠಿ, ಉರ್ದು ಮೂರರ ವಾಕ್ಯರಚನೆ ಹೆಚ್ಚುಕಮ್ಮಿ ಒಂದೇ ಆಗಿಬಿಟ್ಟಿದೆ. ಒಂದು ಭಾಷೆಯ ವಾಕ್ಯದಲ್ಲಿ ಪದ ತೆಗೆದು ಪದ ಇಟ್ಟರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧ. ಪದಗಳು ಮಾತ್ರ ಬೇರೆಯಾಗಿಯೇ ಉಳಿದಿವೆ, ಯಾಕೆಂದರೆ ನಾವು ಯಾರು ಅಂತ ತೋರಿಸಿಕೊಳ್ಳಲು ಅಷ್ಟಾದರೂ ಬೇಕು. ಪ್ರಪಂಚದ ಎಲ್ಲ ಕಡೆ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಈ ಊರಿನ ಹೆಸರು ಓದುತ್ತಾರೆ. ಅಲ್ಲಿಂದ ಪುಣೆ ಅರ್ಧ ದಿನದ ದಾರಿಯೂ ಅಲ್ಲ.

ಓದುವುದೆಲ್ಲಿ? ಪುಣೆಯ ಯೆರವಡದ ಡೆಕ್ಕನ್ ಕಾಲೇಜು ಮೊದಲ ಹೆಸರು. 1821ರ ಹಳೆಯ ಸಂಸ್ಥೆ, 1939ರಿಂದ ಸಂಶೋಧನಾ ಕೇಂದ್ರ. 1950ರ ದಶಕದಲ್ಲಿ ಅಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ ನಡೆದ ಭಾಷಾವಿಜ್ಞಾನ ಶಿಬಿರಗಳಿಂದಲೇ ನಮ್ಮ ದೇಶದ ಒಂದು ತಲೆಮಾರಿನ ಭಾಷಾವಿಜ್ಞಾನಿಗಳು ತಯಾರಾದರು. ಕವಿ ಎ.ಕೆ. ರಾಮಾನುಜನ್ ಅಮೆರಿಕಕ್ಕೆ ಹೋಗುವ ಮೊದಲು 1958ರಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಮಾಡಿದ್ದು ಇಲ್ಲೇ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪಿಎಚ್.ಡಿ. ಮಾಡಿದ್ದೂ ಪುಣೆಯಲ್ಲಿ. ಮುಂಬೈ ಬಿಟ್ಟು ಹೋಗಲಾಗದವರಿಗೆ ಕಲೀನಾ ಕ್ಯಾಂಪಸ್ಸಿನಲ್ಲಿ ಮುಂಬೈ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗ ಇದೆ. ಕುರ್ಲಾ ಅಥವಾ ಸಾಂತಾಕ್ರೂಜ್‌ನಿಂದ ಬಸ್ಸು ಸಿಗುತ್ತದೆ. ಅದೇ ಕ್ಯಾಂಪಸ್ಸಿನಲ್ಲಿ ಕನ್ನಡ ವಿಭಾಗವೂ ಇದೆ, ನಾಲ್ಕು ದಶಕ ದಾಟಿದ ವಿಭಾಗ. ಕನ್ನಡ ಎಂಎ ಮಾಡಿಕೊಂಡು ಅನುವಾದ, ಪತ್ರಿಕೆ ಅಂತ ಹೋಗುವವರಿಗೆ ಅದು ಸರಿ.

ಭಾಷಾವಿಜ್ಞಾನ ಡೆಕ್ಕನ್ ಕಾಲೇಜು, ಕಲೀನಾ ಎರಡೂ ಕಡೆ ಎಂಎ ಮಟ್ಟದ ಓದು. ಯಾವ ವಿಷಯದ ಪದವಿ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಫೀಸ್ ಸಿಂಬಯೋಸಿಸ್‌ನ ಹತ್ತಿರಕ್ಕೂ ಬರುವುದಿಲ್ಲ.

ಈಗ ಅಪ್ಪ-ಅಮ್ಮನ ಪ್ರಶ್ನೆ: ಕೆಲಸ? ನೇರವಾಗಿ ಹೇಳುತ್ತೇನೆ, ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂತ ಬಂದು ಕರೆದುಕೊಂಡು ಹೋಗುವವರು ಇಲ್ಲಿ ಕಡಿಮೆ. ನೆಟ್ ಪರೀಕ್ಷೆ ಪಾಸು ಮಾಡಿ ಮೇಷ್ಟ್ರಾಗುವುದು ಹಳೆಯ ದಾರಿ. ನಿಘಂಟು ಕೆಲಸ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಂಥ ಕಡೆಯ ಯೋಜನೆಗಳು ಇನ್ನೊಂದು. ಹೊಸ ದಾರಿ ಅಂದರೆ ಕಂಪ್ಯೂಟರಿಗೆ ನಮ್ಮ ಭಾಷೆ ಕಲಿಸುವುದು. ಧ್ವನಿ ಗುರುತಿಸುವ ತಂತ್ರ, ಯಂತ್ರಾನುವಾದ, ಸಬ್‌ಟೈಟಲ್, ಕೇಂದ್ರ ಸರಕಾರ 2022ರಲ್ಲಿ ಶುರುಮಾಡಿದ, ಭಾರತೀಯ ಭಾಷೆಗಳ ಅನುವಾದದ ಭಾಷಿಣಿ ಯೋಜನೆ, ಎಲ್ಲ ಕಡೆ ಕನ್ನಡವೂ ಬೇಕು, ಅದನ್ನು ಬಿಚ್ಚಿ ನೋಡಲು ಬಲ್ಲವರೂ ಬೇಕು. ಎಂಎ ಜೊತೆ ಸ್ವಲ್ಪ ಕೋಡಿಂಗ್ ಕಲಿತವರಿಗೆ ಬಾಗಿಲು ತೆರೆದಿದೆ. ಕೋಡಿಂಗ್ ಬೇಡವೇ ಬೇಡ ಅಂದರೆ ಸ್ವಲ್ಪ ಕಷ್ಟ.

ಸೈನ್ಸ್ ಓದಿದವರಿಗೆ: ಸ್ಪೀಚ್ ಥೆರಪಿ

ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಹೆಸರು ನಮ್ಮವರಿಗೆ ಗೊತ್ತು. ಅಂಥದೇ ಇನ್ನೊಂದು ರಾಷ್ಟ್ರೀಯ ಸಂಸ್ಥೆ ಬಾಂದ್ರಾ ರಿಕ್ಲಮೇಶನ್‌ನಲ್ಲೇ ಇದೆ ಅಂದರೆ ಎಷ್ಟೋ ಜನ ಹೌದಾ ಅನ್ನುತ್ತಾರೆ. 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ಸಂಸ್ಥೆ ಅದು. ಬಿಎಎಸ್‌ಎಲ್‌ಪಿ ಅನ್ನುವ ಪದವಿ (ಶ್ರವಣ ಮತ್ತು ಮಾತಿನ ಚಿಕಿತ್ಸೆಯದು), ಮೂರು ವರ್ಷ ಓದು ಮತ್ತು ಒಂದು ವರ್ಷ ಇಂಟರ್ನ್‌ಶಿಪ್. ಹನ್ನೆರಡರಲ್ಲಿ ಸೈನ್ಸ್ ಇರಲೇಬೇಕು. ಆರ್ಟ್ಸ್, ಕಾಮರ್ಸ್ ಮಕ್ಕಳಿಗೆ ಈ ಬಾಗಿಲು ಮುಚ್ಚಿದೆ. ಮುಂಬೈ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯ ಮೆಡಿಕಲ್ ಕಾಲೇಜಿನಲ್ಲೂ ಈ ಓದು ಇದೆ, ಪುಣೆಯಲ್ಲಿ ಭಾರತಿ ವಿದ್ಯಾಪೀಠದಲ್ಲಿ ಇದೆ.

ಇಲ್ಲಿ ಮಾತನ್ನು ನೋಡುವುದು ಬೇರೆ ಕಣ್ಣಿನಿಂದ. ಕಿವಿ, ಮೆದುಳು, ನಾಲಿಗೆ, ಉಸಿರು. ಪಾರ್ಶ್ವವಾಯು ಆದ ಅಜ್ಜನಿಗೆ ಯಾಕೆ ಪದ ಸಿಗುವುದಿಲ್ಲ, ಮೂರು ವರ್ಷವಾದರೂ ಮಗು ಯಾಕೆ ಮಾತಾಡುತ್ತಿಲ್ಲ, ತೊದಲು ಯಾಕೆ ಬರುತ್ತದೆ. ಆಸ್ಪತ್ರೆ, ವಿಶೇಷ ಶಾಲೆ, ಸ್ವಂತ ಕ್ಲಿನಿಕ್, ಹಿಯರಿಂಗ್ ಏಡ್ ಕಂಪನಿಗಳಲ್ಲಿ ಕೆಲಸ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಆದ ಮೇಲೇ ಪ್ರಾಕ್ಟೀಸ್ ಮಾಡಬಹುದು. ಆದ್ದರಿಂದ ಸೇರುವ ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ.

ಕನ್ನಡ ಇಲ್ಲಿ ದುಡಿಯುವ ಭಾಷೆ. ಮಗುವಿನ ಮಾತು ತಡವಾಗಿದೆಯಾ ಅಂತ ತಿಳಿಯಬೇಕಾದರೆ ಅದರ ಮನೆಮಾತಿನಲ್ಲೇ ನೋಡಬೇಕು. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಮಗುವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಪರೀಕ್ಷಿಸಿದರೆ ಏನು ಗೊತ್ತಾಗುತ್ತದೆ? "ಮನೆಯಲ್ಲಿ ಕನ್ನಡ ಬಿಡಿ, ಬರೀ ಇಂಗ್ಲಿಷ್ ಮಾತಾಡಿ, ಆಗ ಮಗು ಬೇಗ ಕಲಿಯುತ್ತೆ" ಅನ್ನುವ ಸಲಹೆ ನಮ್ಮ ಸಂಘದ ಕಾರ್ಯಕ್ರಮಗಳಲ್ಲೂ ಕೇಳಿಬರುತ್ತದೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ ಎಂಬುದು ಈ ಶಾಸ್ತ್ರದಲ್ಲಿ ಒಪ್ಪಿತವಾದ ವಿಷಯ. ಇದನ್ನು ಆ ಅಮ್ಮನಿಗೆ ಕನ್ನಡದಲ್ಲೇ ಹೇಳಬಲ್ಲ ಥೆರಪಿಸ್ಟ್ ಈ ಊರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಅದೇ ಬಾಂದ್ರಾ ಸಂಸ್ಥೆಯಲ್ಲಿ ಭಾರತೀಯ ಸಂಜ್ಞಾಭಾಷೆಯ ದುಭಾಷಿ ತರಬೇತಿಯೂ ಇದೆ. ಸೈನ್ಸ್ ಇಲ್ಲದವರು ಅದನ್ನು ವಿಚಾರಿಸಿ ನೋಡಬಹುದು.

ಇನ್ನೆರಡು, ಚುಟುಕಾಗಿ

ಚಿತ್ರ, ಅಕ್ಷರ, ಪರದೆ ಇವುಗಳ ಮೂಲಕ ಹೇಳುವುದು ಇಷ್ಟವಾದರೆ ಪೊವಾಯಿ ಐಐಟಿಯ ಐಡಿಸಿ ವಿನ್ಯಾಸ ಶಾಲೆ. ಹನ್ನೆರಡರ ನಂತರ ಯುಸೀಡ್, ಪದವಿ ನಂತರ ಸೀಡ್ ಪರೀಕ್ಷೆ. ಸ್ಪರ್ಧೆ ವಿಪರೀತ. ಸಿನಿಮಾನೇ ಬೇಕು ಅಂದರೆ ಪುಣೆಯ ಎಫ್‌ಟಿಐಐ ಇದೆ. 1960ರಲ್ಲಿ ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲಿ ಶುರುವಾಯಿತು. ಅದನ್ನು ಬಿಎಎಂಎಂಸಿ ಜೊತೆ ಹೋಲಿಸುವುದೇ ತಪ್ಪು. ಅದು ಕಸುಬಿನ ಶಾಲೆ, ಸಿನಿಮಾ ಬಿಟ್ಟು ಬೇರೇನೂ ಬೇಡ ಅನ್ನುವವರಿಗೆ.

ವಾಸ್ಕೋ, ಮಡಗಾಂವ್ ಕಡೆಯವರಿಗೆ

ಗೋವಾದ ವಿಷಯದಲ್ಲಿ ಆಯ್ಕೆ ಕಡಿಮೆ. ಪದವಿ ಮಟ್ಟದಲ್ಲಿ ಮಾಧ್ಯಮದ ಪಾಠ ಇರುವ ಕಾಲೇಜುಗಳು ಒಂದೆರಡು ಇವೆ. ತಾಳಗಾಂವ್ ಗುಡ್ಡದ ಗೋವಾ ವಿಶ್ವವಿದ್ಯಾಲಯ 1985ರದ್ದು, ಭಾಷೆ-ಸಾಹಿತ್ಯದ ವಿಭಾಗ ಅಲ್ಲಿ ಗಟ್ಟಿ. ಕೊಂಕಣಿ, ಕನ್ನಡ ಎರಡೂ ಬರುವವರಿಗೆ ಅಲ್ಲಿ ಸಂಶೋಧನೆಗೆ ಬೇಕಾದಷ್ಟು ವಿಷಯ ಇದೆ. 2004ರಿಂದ ಪ್ರತಿವರ್ಷ ಪಣಜಿಯಲ್ಲಿ ನಡೆಯುವ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ವಿದ್ಯಾರ್ಥಿಯಾಗಿ ಹೋಗಿ ಸಿನಿಮಾ ನೋಡುವುದೇ ಒಂದು ಓದು. ಆದರೆ ಝುವಾರಿನಗರ, ಬೈನಾ ಕಡೆಯ ಸಾಧಾರಣ ಕುಟುಂಬದ ಮಕ್ಕಳಿಗೆ ನಾನು ಹೇಳುವುದು ಬೇರೆ. ಪದವಿ ಗೋವಾದಲ್ಲೇ ಮುಗಿಸಿ, ಯಾವ ವಿಷಯವಾದರೂ ಆಗಲಿ. ಎಂಎಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ ನೋಡಿ. ಲೋಂಡಾ ದಾಟಿದರೆ ಆಯಿತು, ಪುಣೆ-ಮುಂಬೈಯ ಬಾಡಿಗೆ ಕಟ್ಟುವ ತಾಪತ್ರಯ ಇಲ್ಲ.

ದುಡ್ಡು, ದಿನಾಂಕ, ಊರು

ಮುಂಬೈಯಲ್ಲಿ ಮನೆ ಇರುವವರು ಪುಣೆಗೆ ಕಳಿಸಬೇಕಾ ಎಂಬುದು ಪ್ರತಿ ಮನೆಯ ಚರ್ಚೆ. ಡೆಕ್ಕನ್ ಕಾಲೇಜು, ಎಫ್‌ಟಿಐಐ ಇವೆರಡಕ್ಕಾದರೆ ಕಳಿಸಿ. ಮಾಮೂಲಿ ಮಾಸ್ ಮೀಡಿಯಾ ಪದವಿಗಾಗಿ ಹಾಸ್ಟೆಲ್ ಖರ್ಚು ಮಾಡಿ ಕಳಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪುಣೆಯಲ್ಲೇ ಇರುವವರು ಉಲ್ಟಾ ಯೋಚಿಸಲಿ: ಪದವಿ ಅಲ್ಲೇ ಮಾಡಿ, ಎಂಎಗೆ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರಯತ್ನಿಸಿ.

ಇಬ್ಬರ ನಡುವಿನ ಮಾತು, ಜಗಳ, ಸಂಕೋಚ, ಮೌನ ಇವೇ ಇಷ್ಟ, ಮಾಧ್ಯಮ ಬೇಡ ಅನ್ನುವವರು ಬಿಎಯಲ್ಲಿ ಮನಃಶಾಸ್ತ್ರ ಅಥವಾ ಸಮಾಜಶಾಸ್ತ್ರ ತೆಗೆದುಕೊಂಡು, ಎಂಎಗೆ ಭಾಷಾವಿಜ್ಞಾನಕ್ಕೆ ಬರುವುದು ಒಳ್ಳೆಯ ಜೋಡಣೆ. ಮೂರು ವರ್ಷ ಮನುಷ್ಯರನ್ನು ಓದಿ ಎರಡು ವರ್ಷ ಅವರ ಮಾತನ್ನು ಓದಿದ ಹಾಗಾಗುತ್ತದೆ. ಸರಕಾರಿ ಅನುದಾನದ ಕಾಲೇಜಿನಲ್ಲಿ ಇದರ ಖರ್ಚೂ ಕಡಿಮೆ.

ದಿನಾಂಕಗಳ ಬಗ್ಗೆ ಎಚ್ಚರ ಇರಲಿ. ಫಲಿತಾಂಶ ಬಂದ ಮೇಲೆ ಹುಡುಕಲು ಹೊರಟರೆ ಅರ್ಧ ಬಾಗಿಲು ಮುಚ್ಚಿರುತ್ತದೆ. ಸ್ನ್ಯಾಪ್ ಡಿಸೆಂಬರಿನಲ್ಲಿ, ಯುಸೀಡ್ ಮತ್ತು ಸೀಡ್ ಜನವರಿಯಲ್ಲಿ, ಸಿಯುಇಟಿ-ಪಿಜಿ ಮಾರ್ಚ್ ಹೊತ್ತಿಗೆ, ಸಿಂಬಯೋಸಿಸ್‌ನ ಸೆಟ್ ಮೇ ತಿಂಗಳಲ್ಲಿ ನಡೆಯುವುದು ರೂಢಿ. ಅರ್ಜಿ ಹಾಕುವ ಗಡುವು ಇವಕ್ಕಿಂತ ವಾರಗಟ್ಟಲೆ ಮೊದಲೇ ಮುಗಿಯುತ್ತದೆ. ಗಣೇಶ ಚೌತಿ ಮುಗಿದ ಕೂಡಲೇ ಕೂತು ಪಟ್ಟಿ ಮಾಡಿಕೊಂಡರೆ ಸಾಕಷ್ಟು ಸಮಯ ಇರುತ್ತದೆ. ಬಿಎಎಂಎಂಸಿ ಮತ್ತು ಕಲೀನಾದ ಎಂಎ ಕೋರ್ಸುಗಳ ಅರ್ಜಿ ಮಾತ್ರ ಫಲಿತಾಂಶದ ಆಸುಪಾಸಿನಲ್ಲೇ ಶುರುವಾಗುತ್ತದೆ. ಅಷ್ಟರಲ್ಲಿ ಡೊಮಿಸೈಲ್, ಜಾತಿ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಅಪ್ಪನ ದಾಖಲೆಗಳೆಲ್ಲ ಕರ್ನಾಟಕದ್ದಾಗಿದ್ದರೆ ಇದಕ್ಕೇ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.